ಚಾವಣಿ ಇಲ್ಲದ ಕಾರಿಗೆ ನೆಲವೇ ಆಧಾರ: ರಿಸ್ಟೋರ್ ಮಾಡಿದ ಹಳೆಯ ಮಸ್ಟ್ಯಾಂಗ್ ಕೊಳ್ಳುವ ಮುನ್ನ

1964ರ ಏಪ್ರಿಲ್ 14ರಂದು ಕೆನಡಾದ ಸೇಂಟ್ ಜಾನ್ಸ್ ಪಟ್ಟಣದಲ್ಲಿ, ಪ್ರದರ್ಶನಕ್ಕೆಂದು ಬಂದಿದ್ದ ಬಿಳಿ ಕನ್ವರ್ಟಿಬಲ್ ಕಾರೊಂದನ್ನು ಅಲ್ಲಿನ ಫೋರ್ಡ್ ಡೀಲರ್ ವಿಮಾನ ಚಾಲಕರೊಬ್ಬರಿಗೆ ಮಾರಿಬಿಟ್ಟರು. ಆ ಮಾದರಿ ಇನ್ನೂ ಮಾರುಕಟ್ಟೆಗೇ ಬಂದಿರಲಿಲ್ಲ. ಮೂರು ದಿನ ಕಳೆದು, ಏಪ್ರಿಲ್ 17ರಂದು, ನ್ಯೂಯಾರ್ಕಿನ ವಿಶ್ವಮೇಳದಲ್ಲಿ ಫೋರ್ಡ್ ಕಂಪನಿ ‘ಮಸ್ಟ್ಯಾಂಗ್’ ಅನ್ನು ಅನಾವರಣ ಮಾಡಿತು. ಮಾರಿಹೋದ ಕಾರಿನ ಕ್ರಮಸಂಖ್ಯೆ 100001, ಮಸ್ಟ್ಯಾಂಗ್ ಸರಣಿಯ ಮೊಟ್ಟಮೊದಲ ಸಂಖ್ಯೆ. ಅದನ್ನು ಮರಳಿ ಪಡೆಯಲು ಕಂಪನಿ ಸುಮಾರು ಎರಡು ವರ್ಷ ಕಾದು, ಮಸ್ಟ್ಯಾಂಗ್ ಉತ್ಪಾದನೆ ಹತ್ತು ಲಕ್ಷ ಮುಟ್ಟಿದ ಹೊತ್ತಿನಲ್ಲಿ ಹೊಸ ಕಾರೊಂದನ್ನು ಬದಲಿಗೆ ಕೊಡಬೇಕಾಯಿತು. ಈಗ ಅದು ಮಿಶಿಗನ್ ರಾಜ್ಯದ ಡಿಯರ್‌ಬಾರ್ನಿನಲ್ಲಿರುವ ಹೆನ್ರಿ ಫೋರ್ಡ್ ವಸ್ತುಸಂಗ್ರಹಾಲಯದಲ್ಲಿದೆ. ಅದೇ ಬಿಳಿ ಬಣ್ಣದ ಕನ್ವರ್ಟಿಬಲ್‌ಗಳು ಎಷ್ಟೋ ತಯಾರಾದವು. ಮೊದಲನೆಯದು ಇದೇ ಎಂದು ಸಾಕ್ಷಿ ಹೇಳುವುದು ತಗಡಿಗೆ ಒತ್ತಿದ ಆ ಸಂಖ್ಯೆ.

ರಿಸ್ಟೋರ್ ಮಾಡಿದ ಹಳೆಯ ಅಮೆರಿಕನ್ ಕನ್ವರ್ಟಿಬಲ್ ಕೊಳ್ಳಲು ಹೊರಟವರು ನಂಬಬೇಕಾದ್ದು ಇಂಥ ಸಾಕ್ಷಿಯನ್ನೇ. ಮಾರಾಟಕ್ಕೆ ನಿಂತ ಕಾರಿನಲ್ಲಿ ಮೊದಲು ಕಣ್ಣು ಸೆಳೆಯುವುದು ಬಣ್ಣ, ಕ್ರೋಮ್, ಹೊಸ ಸೀಟು. ಇವು ಮೂರೂ ದುಡ್ಡು ಕೊಟ್ಟರೆ ಕೆಲವೇ ವಾರಗಳಲ್ಲಿ ಆಗುವ ಕೆಲಸ. ಕಾರಿನ ನಿಜವಾದ ಬೆಲೆ ಇರುವುದು ಕಣ್ಣಿಗೆ ಬೀಳದ ತಗಡಿನಲ್ಲಿ, ಅದರಲ್ಲೂ ನೆಲದ ತಗಡಿನಲ್ಲಿ. ಅದನ್ನು ಓದುವುದು ಹೇಗೆಂದು 1965 ಮತ್ತು 1966ರ ಮಸ್ಟ್ಯಾಂಗ್ ಕನ್ವರ್ಟಿಬಲ್ ಅನ್ನೇ ಮುಂದಿಟ್ಟುಕೊಂಡು ನೋಡೋಣ. ಇಲ್ಲಿ ಹೇಳುವ ಬಹುಪಾಲು ಪರೀಕ್ಷೆಗಳು ಆ ಕಾಲದ ಬೇರೆ ಕನ್ವರ್ಟಿಬಲ್‌ಗಳಿಗೂ ಸಲ್ಲುತ್ತವೆ.

ಇದೇ ಕಾರನ್ನು ಆರಿಸಿಕೊಳ್ಳಲು ಕಾರಣವಿದೆ. 1965ರ ಮಾದರಿ ವರ್ಷದಲ್ಲಿ 1,01,945 ಮತ್ತು 1966ರಲ್ಲಿ 72,119 ಮಸ್ಟ್ಯಾಂಗ್ ಕನ್ವರ್ಟಿಬಲ್‌ಗಳು ತಯಾರಾದವು. ಇಷ್ಟು ದೊಡ್ಡ ಸಂಖ್ಯೆಯಲ್ಲಿ ಬಂದ, ಇಂದಿಗೂ ಅಭಿಮಾನಿಗಳಿರುವ ಕಾರಾದ್ದರಿಂದ ಬಾಗಿಲ ಹಿಡಿಯಿಂದ ಹಿಡಿದು ಇಡೀ ನೆಲದ ತಗಡಿನವರೆಗೆ ಪ್ರತಿ ಭಾಗವನ್ನೂ ಹೊಸದಾಗಿ ತಯಾರಿಸಿ ಮಾರುತ್ತಾರೆ. ಹಾಗಾಗಿ ಒಳ್ಳೆಯ ಕೆಲಸಗಾರನ ಕೈಯಲ್ಲಿ ಇದು ಹೊಸ ಕಾರಿಗೆ ಸಮನಾಗಬಲ್ಲದು. ಅವಸರದ ಮಾರಾಟಗಾರನ ಕೈಯಲ್ಲಿ ಕೊಳೆತ ಕಾರು ಕೂಡ ಹೊಸದರಂತೆ ಕಾಣಬಲ್ಲದು.

ಮೊದಲು ಸಂಖ್ಯೆ ಓದಿ

ಕಾರಿನ ಗುರುತಿನ ಸಂಖ್ಯೆಯನ್ನು, ಅಂದರೆ ವಿನ್ ನಂಬರನ್ನು, ಎರಡು ಕಡೆ ನೋಡಬಹುದು. ಚಾಲಕನ ಬಾಗಿಲಿನ ಹಿಂಬದಿಯ ಅಂಚಿಗೆ ಬಡಿದ ಸಣ್ಣ ಲೋಹದ ಪಟ್ಟಿಯ ಮೇಲೆ ಒಂದು; ಬಾನೆಟ್ ಎತ್ತಿದರೆ ಎಡಗಡೆಯ ಒಳ ಫೆಂಡರಿನ ತಗಡಿಗೇ ಒತ್ತಿದ್ದು ಇನ್ನೊಂದು. ಬಾಗಿಲಿನ ಪಟ್ಟಿಯನ್ನು ಹೊಸದಾಗಿ ಅಚ್ಚು ಹಾಕಿಸಿ ಕೊಡುವವರಿದ್ದಾರೆ. ಬಾಗಿಲೇ ಬೇರೆ ಕಾರಿನದಾಗಿರಲೂಬಹುದು. ಆದ್ದರಿಂದ ಒಳ ಫೆಂಡರಿನ ಸಂಖ್ಯೆಗೇ ಹೆಚ್ಚಿನ ತೂಕ. ಅದರ ಸುತ್ತ ಹೊಸ ವೆಲ್ಡಿಂಗ್ ಗುರುತು, ಉಜ್ಜಿದ ಕಲೆ, ಸಾಲು ತಪ್ಪಿದ ಅಕ್ಷರ ಕಂಡರೆ ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸಿ.

ಆ ಸಂಖ್ಯೆ ಬಹಳಷ್ಟು ಹೇಳುತ್ತದೆ. ‘5ಆರ್08ಸಿ’ ಎಂದು ಶುರುವಾಗುತ್ತದೆ ಎನ್ನೋಣ. 5 ಅಂದರೆ 1965ರ ಮಾದರಿ. ಎರಡನೆಯ ಅಕ್ಷರ ಕಾರ್ಖಾನೆಯದು: ಎಫ್ ಆದರೆ ಡಿಯರ್‌ಬಾರ್ನ್, ಆರ್ ಆದರೆ ಸ್ಯಾನ್ ಹೊಸೆ, ಟಿ ಆದರೆ ನ್ಯೂಜೆರ್ಸಿಯ ಮೆಟಚನ್. ನಂತರದ ಎರಡು ಅಂಕಿ ಮೈಕಟ್ಟಿನದು: 07 ಗಟ್ಟಿ ಚಾವಣಿಯ ಕೂಪೆ, 08 ಕನ್ವರ್ಟಿಬಲ್, 09 ಫಾಸ್ಟ್‌ಬ್ಯಾಕ್. ಕೊನೆಯ ಅಕ್ಷರ ಎಂಜಿನ್ನಿನದು.

ಇದರಲ್ಲಿ ಮೊದಲು ನೋಡಬೇಕಾದ್ದು 08. ಕೂಪೆಯ ಚಾವಣಿ ಕತ್ತರಿಸಿ ಕನ್ವರ್ಟಿಬಲ್ ಎಂದು ಮಾರುವ ಕೆಲಸ ನಡೆದಿದೆ. ಕಣ್ಣೆದುರಿಗೆ ಬಟ್ಟೆಯ ಟಾಪ್ ಇದ್ದು ಸಂಖ್ಯೆಯಲ್ಲಿ 07 ಇದ್ದರೆ, ಅದು ಕಾರ್ಖಾನೆಯಿಂದ ಬಂದ ಕನ್ವರ್ಟಿಬಲ್ ಆಗಿರಲು ಸಾಧ್ಯವಿಲ್ಲ.

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗೆ ಆರ್ ಅಕ್ಷರ ಹತ್ತಿರದ್ದು. ಸ್ಯಾನ್ ಹೊಸೆ ಎಂದು ಹೆಸರಾದ ಆ ಕಾರ್ಖಾನೆ ಇದ್ದದ್ದು ಪಕ್ಕದ ಮಿಲ್ಪಿಟಸ್‌ನಲ್ಲಿ. 1983ರಲ್ಲಿ ಅದು ಬಾಗಿಲು ಹಾಕಿತು. 1994ರಲ್ಲಿ ಅದೇ ಕಟ್ಟಡ ‘ಗ್ರೇಟ್ ಮಾಲ್’ ಆಯಿತು. ಸಿಲಿಕಾನ್ ಕಣಿವೆಯ ಎಷ್ಟೋ ಕನ್ನಡ ಕುಟುಂಬಗಳು ವಾರಾಂತ್ಯದಲ್ಲಿ ಸಾಮಾನು ಕೊಳ್ಳಲು ಓಡಾಡುವ ಆ ನೆಲದ ಮೇಲೆ ಒಂದು ಕಾಲದಲ್ಲಿ ಮಸ್ಟ್ಯಾಂಗ್‌ಗಳು ಸಾಲಾಗಿ ತಯಾರಾಗುತ್ತಿದ್ದವು.

ಬಾಗಿಲಿನ ಪಟ್ಟಿಯಲ್ಲಿ ಇನ್ನಷ್ಟು ಸಂಕೇತಗಳಿವೆ. 76ಎ ಅಂದರೆ ಸಾಮಾನ್ಯ ಒಳಾಂಗಣದ ಕನ್ವರ್ಟಿಬಲ್, 76ಬಿ ಅಂದರೆ ಓಡುವ ಕುದುರೆಗಳ ಉಬ್ಬುಚಿತ್ರವಿರುವ ದುಬಾರಿ ಒಳಾಂಗಣ, 76ಸಿ ಅಂದರೆ ಮುಂದೆ ಒಂದೇ ಉದ್ದ ಸೀಟಿನದು. ಬಣ್ಣಕ್ಕೂ ಅಕ್ಷರವಿದೆ: ಎಂ ವಿಂಬಲ್ಡನ್ ಬಿಳಿ, ಜೆ ರಂಗೂನ್ ಕೆಂಪು, ಎ ರೇವನ್ ಕಪ್ಪು. ಕೆಂಪು ಕನ್ವರ್ಟಿಬಲ್ ಬೇಗ ಮಾರಾಟವಾಗುತ್ತದೆಂದು ಬೇರೆ ಬಣ್ಣದ ಕಾರುಗಳನ್ನು ಕೆಂಪು ಮಾಡಿದ್ದುಂಟು. ಅದು ಅಪರಾಧವೇನಲ್ಲ, ಆದರೆ ಮೂಲ ಬಣ್ಣದ ಬೆಲೆ ಕೊಡಬೇಕಾಗಿಲ್ಲ. ಡ್ಯಾಶ್‌ಬೋರ್ಡಿನ ಕೆಳಗೆ, ಬಾಗಿಲ ಚೌಕಟ್ಟಿನ ಮೂಲೆಗಳಲ್ಲಿ ಹಳೆಯ ಬಣ್ಣ ಸಾಮಾನ್ಯವಾಗಿ ಉಳಿದಿರುತ್ತದೆ.

ತಯಾರಾದ ದಿನಾಂಕ ‘16ಸಿ’ ಎಂಬಂತಿರುತ್ತದೆ. ತಿಂಗಳಿಗೊಂದು ಅಕ್ಷರ, ಎ ಜನವರಿ, ಸಿ ಮಾರ್ಚ್, ಅಂಕಿಯ 1 ಎಂದು ಗೊಂದಲವಾಗದಿರಲು ಐ ಅಕ್ಷರ ಬಿಟ್ಟಿದ್ದಾರೆ. ಎಂಜಿನ್ ಬ್ಲಾಕಿನ ಎರಕದ ಮೇಲೂ ಇಂಥದೇ ದಿನಾಂಕ ಇರುತ್ತದೆ: ‘5ಸಿ2’ ಅಂದರೆ 1965ರ ಮಾರ್ಚ್ 2. ಎಂಜಿನ್ ಎರಕವಾದ ಮೇಲೆ ತಾನೇ ಕಾರಿಗೆ ಕೂರುವುದು? ಆದ್ದರಿಂದ ಎರಕದ ದಿನಾಂಕ ಕಾರಿನ ದಿನಾಂಕಕ್ಕಿಂತ ಸ್ವಲ್ಪ ಮೊದಲಿರಬೇಕು. ನಂತರದ್ದಾಗಿದ್ದರೆ ಅದು ಕಾರಿನ ಜೊತೆ ಹುಟ್ಟಿದ ಎಂಜಿನ್ ಅಲ್ಲ.

ಚಾವಣಿ ಹೋದರೆ ಭಾರ ಹೊರುವವರಾರು?

ಆ ಕಾಲದ ದೊಡ್ಡ ಅಮೆರಿಕನ್ ಕಾರುಗಳಿಗೆ, ಉದಾಹರಣೆಗೆ ಷೆವರ್ಲೆ ಇಂಪಾಲಾಕ್ಕೆ, ಕೆಳಗೆ ಬೇರೆಯೇ ಒಂದು ಉಕ್ಕಿನ ಚೌಕಟ್ಟು ಇತ್ತು. ಮೇಲಿನ ಮೈಯನ್ನು ಬೋಲ್ಟ್ ಬಿಚ್ಚಿ ಎತ್ತಿ ಇಡಬಹುದಿತ್ತು. ಫೋರ್ಡ್ ಫಾಲ್ಕನ್ ಕಾರಿನ ಬುನಾದಿಯ ಮೇಲೆ ರೂಪಿಸಿದ ಮಸ್ಟ್ಯಾಂಗ್‌ಗೆ ಅಂಥ ಪ್ರತ್ಯೇಕ ಚೌಕಟ್ಟಿಲ್ಲ. ನೆಲ, ಗೋಡೆ, ಚಾವಣಿ ಎಲ್ಲವನ್ನೂ ವೆಲ್ಡ್ ಮಾಡಿ ಒಂದೇ ಪೆಟ್ಟಿಗೆಯಾಗಿಸಿದ ಮೈಕಟ್ಟು ಅದು. ಮುಚ್ಚಳವಿರುವ ರಟ್ಟಿನ ಡಬ್ಬಿಯನ್ನು ಎರಡು ಕೈಯಲ್ಲಿ ತಿರುಚಲು ನೋಡಿ, ಜಗ್ಗುವುದಿಲ್ಲ. ಮುಚ್ಚಳ ಹರಿದು ತೆಗೆದು ಮತ್ತೆ ತಿರುಚಿದರೆ ಸಲೀಸಾಗಿ ಸೊಟ್ಟಗಾಗುತ್ತದೆ. ಕೂಪೆಯ ಚಾವಣಿ ತೆಗೆದಾಗ ಕಾರಿಗೂ ಹಾಗೆಯೇ ಆಗುತ್ತದೆ.

ಈ ಕೊರತೆಯನ್ನು ಫೋರ್ಡ್ ಎಂಜಿನಿಯರುಗಳು ಕೆಳಗಿನಿಂದ ತುಂಬಿಕೊಟ್ಟರು. ಬಾಗಿಲುಗಳ ಕೆಳಗೆ ಉದ್ದಕ್ಕೆ ಹೋಗುವ ‘ರಾಕರ್’ ಎಂಬ ಪೆಟ್ಟಿಗೆಯಾಕಾರದ ಭಾಗದ ಒಳ ತಗಡನ್ನು ದಪ್ಪ ಮಾಡಿದರು. ಮುಂದಿನ ‘ರೈಲು’ಗಳನ್ನು, ಅಂದರೆ ಉದ್ದನೆಯ ಉಕ್ಕಿನ ತೊಲೆಗಳನ್ನು, ರಾಕರ್‌ಗೆ ಬಿಗಿಯುವ ‘ಟಾರ್ಕ್ ಬಾಕ್ಸ್’ಗಳನ್ನು ಎರಡೂ ಬದಿಗೆ ಕೂರಿಸಿದರು. ಸೀಟುಗಳ ಕೆಳಗೆ, ನೆಲಕ್ಕೆ ಅಡ್ಡಲಾಗಿ ಬಲವರ್ಧನೆಯ ತಗಡು ಕೊಟ್ಟರು. ಕನ್ವರ್ಟಿಬಲ್ ಅದೇ ಕಾಲದ ಕೂಪೆಗಿಂತ ಭಾರವಾಗಿರುವುದಕ್ಕೆ ಇದೇ ಮುಖ್ಯ ಕಾರಣ.

ಚಾವಣಿ ಮಾಡಬೇಕಾದ ಕೆಲಸವನ್ನು ಇಲ್ಲಿ ನೆಲ ಮಾಡುತ್ತಿದೆ. ಆ ನೆಲ ತುಕ್ಕು ತಿಂದರೆ ಕಾರು ನಡುವಿನಲ್ಲಿ ಕುಸಿಯುತ್ತದೆ. ಕುಸಿತವನ್ನು ಬಾಗಿಲ ಸಂದಿಯಲ್ಲಿ ಓದಬಹುದು. ಬಾಗಿಲಿನ ಹಿಂಬದಿಯ ಸಂದಿ ಮೇಲಿಂದ ಕೆಳಗೆ ಒಂದೇ ಅಗಲ ಇದೆಯೇ ನೋಡಿ. ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಕಾರಿನ ನಡು ಬಾಗಿದೆ. ನಂತರ ಎರಡೂ ಬಾಗಿಲು ಮುಚ್ಚಿ, ಮುಂದಿನ ಚಕ್ರದ ಹಿಂದಿರುವ ಜಾಗದಲ್ಲಿ ಜ್ಯಾಕ್ ಕೊಟ್ಟು ಒಂದು ಬದಿಯನ್ನು ಎತ್ತಿಸಿ. ಸಂದಿ ಹಾಗೆಯೇ ಉಳಿಯಬೇಕು, ಬಾಗಿಲು ಮೊದಲಿನಷ್ಟೇ ಹಗುರವಾಗಿ ತೆರೆದು ಮುಚ್ಚಬೇಕು. ಜ್ಯಾಕ್ ಏರುತ್ತಿದ್ದಂತೆ ಬಾಗಿಲು ಕಚ್ಚಿಕೊಂಡರೆ ಒಳಗಿನ ಬಲ ಹೋಗಿದೆ ಎಂದರ್ಥ, ಮೇಲಿನ ಬಣ್ಣ ಎಷ್ಟೇ ಹೊಳೆಯುತ್ತಿರಲಿ.

ತುಕ್ಕು ಅಡಗುವ ತಾಣಗಳು

ಮೊದಲ ತಾಣ ಕೌಲ್. ಮುಂದಿನ ಗಾಜಿನ ಬುಡದಲ್ಲಿ ಗಾಳಿ ಒಳಬರಲು ಸೀಳುಗಳಿವೆಯಲ್ಲ, ಅದರ ಕೆಳಗೆ ಎರಡು ತಗಡುಗಳ ನಡುವೆ ಮುಚ್ಚಿದ ಗೂಡೊಂದಿದೆ. ಎಲೆ, ಧೂಳು ಅಲ್ಲಿ ಸೇರಿ ನೀರು ಹಿಡಿದು ವರ್ಷಗಟ್ಟಲೆ ತೇವವಾಗಿರುತ್ತದೆ. ಕೊನೆಗೆ ತೂತು ಬಿದ್ದು ಮಳೆನೀರು ನೇರವಾಗಿ ಕಾಲಿಡುವ ಜಾಗಕ್ಕೆ ಸುರಿಯುತ್ತದೆ. ನೆಲದ ತಗಡು ಕೊಳೆಯಲು ಶುರುವಾಗುವುದು ಹೀಗೆ. ಪರೀಕ್ಷೆ ಸುಲಭ. ಮಾರುವವರ ಒಪ್ಪಿಗೆ ಪಡೆದು, ಕಾರ್ಪೆಟ್ ಎತ್ತಿ, ಆ ಸೀಳುಗಳ ಮೇಲೆ ಒಂದು ಚೆಂಬು ನೀರು ನಿಧಾನವಾಗಿ ಸುರಿದು, ಡ್ಯಾಶ್‌ಬೋರ್ಡಿನ ಕೆಳಗೆ ಟಾರ್ಚ್ ಬಿಡಿ. ಒಂದು ಹನಿ ಒಳಬಂದರೂ ಅದು ದೊಡ್ಡ ಖರ್ಚು, ಏಕೆಂದರೆ ಕೌಲ್ ಬಿಚ್ಚಲು ಸಾಲು ಸಾಲು ಸ್ಪಾಟ್ ವೆಲ್ಡ್‌ಗಳನ್ನು ಕೊರೆದು ತೆಗೆಯಬೇಕು. ಆ ಖರ್ಚಿಗೆ ಹೆದರಿ ಒಳಗಿನಿಂದ ಸೀಲಂಟ್ ಮೆತ್ತಿ ಮುಚ್ಚಿಬಿಡುವವರು ಬಹಳ.

ಎರಡನೆಯದು ಬ್ಯಾಟರಿಯ ಕೆಳಗಿನ ತಗಡು. ಬಲಗಡೆ ಮುಂದೆ ಬ್ಯಾಟರಿ ಕೂರುವ ಜಾಗದಲ್ಲಿ ಆಮ್ಲ ಸೋರಿ ಒಳ ಫೆಂಡರನ್ನೂ ಅದರಡಿಯ ರೈಲನ್ನೂ ತಿಂದಿರುತ್ತದೆ. ಮೂರನೆಯದು ರಾಕರ್ ಮತ್ತು ಟಾರ್ಕ್ ಬಾಕ್ಸ್: ಕಾರನ್ನು ಲಿಫ್ಟಿನ ಮೇಲೆ ಎತ್ತಿಸಿ, ಮರದ ಹಿಡಿಯಿಂದ ತಟ್ಟಿ ಸದ್ದು ಕೇಳಿ. ಗಟ್ಟಿ ತಗಡಿನ ಸದ್ದು ಸ್ಪಷ್ಟ. ಕೊಳೆತ ತಗಡಿನದು ಮಂಕು. ನಾಲ್ಕನೆಯದು ಹಿಂದಿನ ಫೆಂಡರುಗಳ ಕೆಳ ಅಂಚು ಮತ್ತು ಡಿಕ್ಕಿಯ ಎರಡು ಬದಿಯ ಗುಂಡಿಗಳು. ಡಿಕ್ಕಿಯ ರಬ್ಬರ್ ಸಡಿಲವಾದರೆ ನೀರು ಅಲ್ಲಿ ನಿಲ್ಲುತ್ತದೆ. ಈ ಕಾರಿನಲ್ಲಿ 16 ಗ್ಯಾಲನ್, ಅಂದರೆ ಸುಮಾರು 60 ಲೀಟರಿನ ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗವೇ ಡಿಕ್ಕಿಯ ನೆಲ. ಅಲ್ಲಿನ ತುಕ್ಕನ್ನು ಹಗುರವಾಗಿ ಎಣಿಸಬಾರದು.

ತುಕ್ಕನ್ನು ಮುಚ್ಚಲು ಬಳಿದ ಪುಟ್ಟಿಯನ್ನು ಪತ್ತೆಹಚ್ಚಲು ದೊಡ್ಡ ಯಂತ್ರ ಬೇಡ. ತೆಳುಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತವನ್ನು ಬಾಗಿಲಿನ ಕೆಳಭಾಗ, ಹಿಂದಿನ ಚಕ್ರದ ಕಮಾನು, ಫೆಂಡರಿನ ತುದಿಗಳ ಮೇಲೆ ಓಡಿಸಿ. ಉಕ್ಕಿನ ಮೇಲೆ ಹಿಡಿಯುವ ಅಯಸ್ಕಾಂತ ಪುಟ್ಟಿಯ ದಪ್ಪ ಪದರದ ಮೇಲೆ ಜಾರುತ್ತದೆ. ಬಣ್ಣದ ದಪ್ಪ ಅಳೆಯುವ ಮಾಪಕ ಇದ್ದರೆ ಇನ್ನೂ ಒಳ್ಳೆಯದು.

ಎಂಥ ರಿಸ್ಟೋರ್ ಎಂದು ಕೇಳಿ

‘ಫ್ರೇಮ್ ಬೇರೆ ಮಾಡಿ ರಿಸ್ಟೋರ್ ಮಾಡಿದ್ದು’ ಎಂಬ ಮಾತು ಮಸ್ಟ್ಯಾಂಗ್ ಜಾಹೀರಾತುಗಳಲ್ಲಿ ಕಾಣುತ್ತದೆ. ಬೇರೆ ಮಾಡಲು ಈ ಕಾರಿಗೆ ಫ್ರೇಮೇ ಇಲ್ಲ. ಹಾಗೆ ಬರೆದವರಿಗೆ ಕಾರಿನ ರಚನೆ ತಿಳಿದಿಲ್ಲ, ಇಲ್ಲವೇ ಕೊಳ್ಳುವವರಿಗೆ ತಿಳಿದಿಲ್ಲವೆಂದು ಅವರು ನಂಬಿದ್ದಾರೆ. ಮಸ್ಟ್ಯಾಂಗ್‌ಗೆ ನಿಜವಾದ ಪೂರ್ಣ ರಿಸ್ಟೋರ್ ಎಂದರೆ ಎಂಜಿನ್, ಆಕ್ಸಲ್, ಒಳಾಂಗಣ ಎಲ್ಲ ಬಿಚ್ಚಿ, ಬರಿಯ ಮೈಯನ್ನು ತಿರುಗುವ ಸ್ಟ್ಯಾಂಡಿಗೆ ಕೂರಿಸಿ, ತಲೆಕೆಳಗು ಮಾಡಿ, ಅಡಿಯ ತಗಡನ್ನೂ ಮೇಲಿನದರಷ್ಟೇ ಶ್ರದ್ಧೆಯಿಂದ ಸರಿಪಡಿಸುವುದು.

ಕನ್ವರ್ಟಿಬಲ್‌ನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕೊಳೆತ ರಾಕರ್ ಅಥವಾ ನೆಲ ಕತ್ತರಿಸುವ ಮೊದಲು ಬಾಗಿಲ ಜಾಗಕ್ಕೆ ಅಡ್ಡಲಾಗಿ ತಾತ್ಕಾಲಿಕ ಕಬ್ಬಿಣದ ಸರಳುಗಳನ್ನು ವೆಲ್ಡ್ ಮಾಡಿ ಮೈಯನ್ನು ಸರಿಯಾದ ಅಳತೆಯಲ್ಲಿ ಹಿಡಿದಿಡಬೇಕು. ಹಾಗೆ ಮಾಡದೆ ಕತ್ತರಿಸಿದರೆ ಕಾರು ಕುಸಿದು, ಹೊಸ ತಗಡು ಆ ಸೊಟ್ಟ ಆಕಾರದಲ್ಲೇ ಗಟ್ಟಿಯಾಗಿ ಕೂತುಬಿಡುತ್ತದೆ. ಆಮೇಲೆ ಬಾಗಿಲನ್ನು ಎಷ್ಟು ಹೊಂದಿಸಿದರೂ ಸಂದಿ ಸರಿಯಾಗುವುದಿಲ್ಲ. ಆದ್ದರಿಂದ ಕೆಲಸದ ಪ್ರತಿ ಹಂತದ ಫೋಟೋ ಕೇಳಿ. ಬಣ್ಣ ಹೊಡೆದ ಮೇಲಿನ ನೂರು ಚಿತ್ರಕ್ಕಿಂತ, ಬರಿಯ ತಗಡಿನ ಮೈಗೆ ಆಸರೆ ಸರಳು ಹಾಕಿ ನಿಲ್ಲಿಸಿದ ಒಂದು ಚಿತ್ರ ಹೆಚ್ಚು ಬೆಲೆಯುಳ್ಳದ್ದು. ಬಿಲ್ಲುಗಳನ್ನೂ ನೋಡಿ. ಒಳ ರಾಕರ್, ಟಾರ್ಕ್ ಬಾಕ್ಸ್, ಕೌಲ್ ತಗಡು ಕೊಂಡ ಲೆಕ್ಕ ಅದರಲ್ಲಿದ್ದರೆ ಕೆಲಸ ಬುಡದಿಂದ ಆಗಿದೆ. ಬರಿಯ ಬಣ್ಣ, ಟೈರು, ಸೀಟು ಕವರಿನ ಬಿಲ್ಲುಗಳಿದ್ದರೆ ಕೆಲಸ ಮೇಲ್ಮೇಲೆ ಆಗಿದೆ.

ಬಟ್ಟೆಯ ಟಾಪ್

ಟಾಪ್ ಎಂದರೆ ಮಡಚುವ ಉಕ್ಕಿನ ಕಡ್ಡಿಗಳ ಚೌಕಟ್ಟು, ಅದರ ಮೇಲೆ ಮೆತ್ತೆಯ ಪಟ್ಟಿಗಳು, ಅದರ ಮೇಲೆ ವಿನೈಲ್ ಹೊದಿಕೆ. ಮುಂದೆ ಗಾಜಿನ ಚೌಕಟ್ಟಿಗೆ ಎರಡು ಕೊಂಡಿಗಳಿಂದ ಬಿಗಿಯುತ್ತದೆ. ಕೈಯಿಂದ ಎಳೆಯುವ ಟಾಪ್ ಮಾಮೂಲಿನದು. ಹೆಚ್ಚು ಹಣ ಕೊಟ್ಟವರಿಗೆ ಪವರ್ ಟಾಪ್ ಸಿಗುತ್ತಿತ್ತು. ಅದರಲ್ಲಿ ಹಿಂದಿನ ಸೀಟಿನ ಹಿಂದೆ ವಿದ್ಯುತ್ ಮೋಟಾರಿನಿಂದ ನಡೆಯುವ ಹೈಡ್ರಾಲಿಕ್ ಪಂಪ್ ಇದೆ. ಅದು ಎರಡು ಬದಿಯ ಸಿಲಿಂಡರುಗಳಿಗೆ ಎಣ್ಣೆ ತಳ್ಳಿ ಚೌಕಟ್ಟನ್ನು ಏರಿಸಿ ಇಳಿಸುತ್ತದೆ.

ಎಂಜಿನ್ ಚಾಲೂ ಮಾಡಿ, ಕಾರು ನಿಂತಿರುವಾಗಲೇ, ಟಾಪ್ ಅನ್ನು ಪೂರ್ತಿ ಇಳಿಸಿ ಪೂರ್ತಿ ಏರಿಸಿ ನೋಡಿ. ಎರಡೂ ಬದಿ ಒಟ್ಟಿಗೆ ಏಳಬೇಕು. ಒಂದು ಬದಿ ಹಿಂದೆ ಬಿದ್ದರೆ ಸಿಲಿಂಡರ್ ಸೋರುತ್ತಿರಬಹುದು ಅಥವಾ ಚೌಕಟ್ಟು ಬಾಗಿರಬಹುದು. ಕೊಂಡಿ ಬಿಗಿಯಲು ಇಬ್ಬರು ಸೇರಿ ಎಳೆಯಬೇಕಾದರೆ ಹೊಸ ಬಟ್ಟೆಯನ್ನು ಅಳತೆ ತಪ್ಪಿ ಹೊಲಿದಿದ್ದಾರೆ, ಇಲ್ಲವೇ ಮೈ ಕುಸಿದಿದೆ. ಬಾಗಿಲ ಸಂದಿಯ ಪರೀಕ್ಷೆಯೊಂದಿಗೆ ಇದನ್ನು ಕೂಡಿಸಿ ನೋಡಿ. ಹಿಂದಿನ ಸೀಟು ತೆಗೆಸಿ ಪಂಪಿನ ಸುತ್ತ ಎಣ್ಣೆಯ ಜಿಡ್ಡಿದೆಯೇ ಪರೀಕ್ಷಿಸಿ. ಕೊಂಡ ಮೇಲೆ ನೆನಪಿಡಬೇಕಾದ್ದು, ಒದ್ದೆ ಟಾಪ್ ಅನ್ನು ಮಡಚಿಡಬಾರದು. ಬೂಷ್ಟು ಹಿಡಿದು ಹೊಲಿಗೆಯ ದಾರ ಬೇಗ ಹಾಳಾಗುತ್ತದೆ.

ಎಂಜಿನ್ ಮತ್ತು ಚಕ್ರದ ನಟ್ಟು

1965ರ ಮಾಮೂಲು ಕಾರುಗಳಲ್ಲಿ ನಾಲ್ಕು ಎಂಜಿನ್ ಸಂಕೇತಗಳು ಕಾಣುತ್ತವೆ. ಟಿ ಅಂದರೆ 200 ಕ್ಯುಬಿಕ್ ಇಂಚಿನ, ಸುಮಾರು 3.3 ಲೀಟರಿನ, 120 ಅಶ್ವಶಕ್ತಿಯ ಆರು ಸಿಲಿಂಡರ್ ಎಂಜಿನ್. ಉಳಿದ ಮೂರೂ 289 ಕ್ಯುಬಿಕ್ ಇಂಚಿನ, ಅಂದರೆ 4.7 ಲೀಟರಿನ ವಿ8: ಸಿ 200 ಅಶ್ವಶಕ್ತಿ, ಎ 225, ಕೆ 271. ಬೆಲೆಯೂ ಇದೇ ಕ್ರಮದಲ್ಲಿ ಏರುತ್ತದೆ. ಹಾಗಾಗಿಯೇ ಆರು ಸಿಲಿಂಡರಿನ ಕಾರಿಗೆ ವಿ8 ಕೂರಿಸಿ ಹೆಚ್ಚಿನ ಬೆಲೆ ಕೇಳುವುದುಂಟು.

ಇದನ್ನು ಪತ್ತೆಹಚ್ಚಲು ಎಂಜಿನ್ ಬಿಚ್ಚಬೇಕಿಲ್ಲ. ವಿನ್ ನಂಬರಿನಲ್ಲಿ ಟಿ ಇದೆಯೇ ನೋಡಿ. ಆಮೇಲೆ ಚಕ್ರದ ನಟ್ಟು ಎಣಿಸಿ. ಆರು ಸಿಲಿಂಡರಿನ ಮಸ್ಟ್ಯಾಂಗ್ ಚಕ್ರಕ್ಕೆ ನಾಲ್ಕು ನಟ್ಟು, ವಿ8ಕ್ಕೆ ಐದು. ಬಾನೆಟ್ ಕೆಳಗೆ ವಿ8 ಇದ್ದು ಚಕ್ರದಲ್ಲಿ ನಾಲ್ಕೇ ನಟ್ಟು ಇದ್ದರೆ, ಎಂಜಿನ್ ಬದಲಾದರೂ ಆಕ್ಸಲ್, ಸ್ಪಿಂಡಲ್, ಬ್ರೇಕು ಹಳೆಯ ಸಣ್ಣವೇ ಉಳಿದಿವೆ. ಹೆಚ್ಚಿದ ಭಾರ ಮತ್ತು ವೇಗಕ್ಕೆ ಅವು ಸಾಲವು.

‘ಎಂಜಿನ್ ಸಂಖ್ಯೆ ಹೊಂದುತ್ತದೆ’ ಎಂಬ ಮಾತನ್ನೂ ಎಚ್ಚರದಿಂದ ಕೇಳಿ. ಆ ವರ್ಷಗಳಲ್ಲಿ ಫೋರ್ಡ್ ವಿನ್ ನಂಬರನ್ನು ಒತ್ತುತ್ತಿದ್ದುದು ಕೆ ಎಂಜಿನ್ನಿನ ಮೇಲೆ ಮಾತ್ರ. ಉಳಿದ ಎಂಜಿನ್‌ಗಳಲ್ಲಿ ಸಿಗುವುದು ಎರಕದ ಸಂಖ್ಯೆ ಮತ್ತು ದಿನಾಂಕ. ಅವು ‘ಆ ಕಾಲಕ್ಕೆ ಸರಿಹೊಂದುವ ಎಂಜಿನ್’ ಎಂದಷ್ಟೇ ಹೇಳಬಲ್ಲವು. 1967ರಿಂದ ಈಚಿನ ಮಸ್ಟ್ಯಾಂಗ್‌ಗಳಿಗೆ ಫೋರ್ಡ್ ದಾಖಲೆಯಿಂದ ತೆಗೆದ ‘ಮಾರ್ಟಿ ವರದಿ’ ಹಣ ಕೊಟ್ಟರೆ ಸಿಗುತ್ತದೆ. 1965, 1966ರ ಕಾರುಗಳಿಗೆ ಆ ಸೌಲಭ್ಯವಿಲ್ಲ. ಇಲ್ಲಿ ತಗಡು, ಪಟ್ಟಿ, ಹಳೆಯ ಕಾಗದ ಮೂರೂ ಒಂದೇ ಮಾತು ಹೇಳುತ್ತವೆಯೇ ಎಂದು ನಾವೇ ತಾಳೆ ನೋಡಬೇಕು.

ಬಾನೆಟ್ ತೆರೆದಾಗ ಸ್ಪ್ರಿಂಗ್ ಕೂರುವ ಎರಡು ಎತ್ತರದ ಗೋಪುರಗಳನ್ನೂ ಗಮನಿಸಿ. ಭಾರದ ವಿ8 ಎಂಜಿನ್ ಇರುವ ಕಾರುಗಳಲ್ಲಿ ಅಲ್ಲಿ ಬಿರುಕು ಬರುತ್ತದೆ. ವೆಲ್ಡ್ ಮಾಡಿ ಬಣ್ಣ ಬಳಿದಿದ್ದರೂ ಗೆರೆ ತಿಳಿಯುತ್ತದೆ. ಎಂಜಿನ್ ಮತ್ತೆ ಕಟ್ಟಿಸಿದ್ದಾರೆಂದರೆ ವಾಲ್ವ್ ಸೀಟುಗಳನ್ನು ಗಟ್ಟಿ ಲೋಹದ್ದು ಹಾಕಿಸಿದ್ದಾರೆಯೇ ಕೇಳಿ. ಈ ಎಂಜಿನ್ ಸೀಸ ಬೆರೆತ ಪೆಟ್ರೋಲಿನ ಕಾಲದ್ದು; ಅಮೆರಿಕದ ರಸ್ತೆಯ ವಾಹನಗಳಿಗೆ ಅಂಥ ಪೆಟ್ರೋಲ್ 1996ರಿಂದ ನಿಷಿದ್ಧ. ಎಥನಾಲ್ ಬೆರೆತ ಇಂದಿನ ಪೆಟ್ರೋಲ್ ಹಳೆಯ ರಬ್ಬರ್ ಪೈಪು, ಕಾರ್ಬ್ಯುರೇಟರ್ ವಾಷರುಗಳನ್ನು ಮೆತ್ತಗಾಗಿಸುತ್ತದೆ. ಅವನ್ನೆಲ್ಲ ಎಥನಾಲ್ ತಡೆಯುವ ಬಗೆಯದಕ್ಕೆ ಬದಲಿಸಿರಬೇಕು.

ಸುರಕ್ಷತೆಗಾಗಿ ಮಾಡಿದ ಬದಲಾವಣೆಗೆ ಅಂಜಬೇಡಿ

1965, 1966ರ ಮಸ್ಟ್ಯಾಂಗ್‌ನ ಬ್ರೇಕಿಗೆ ಒಂದೇ ಹೈಡ್ರಾಲಿಕ್ ಸರ್ಕ್ಯೂಟ್. ಎಲ್ಲಾದರೂ ಒಂದು ಪೈಪು ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಒಮ್ಮೆಗೇ ಹೋಗುತ್ತದೆ. ಎರಡು ಸರ್ಕ್ಯೂಟಿನ ಬ್ರೇಕ್ ಬಂದದ್ದು 1967ರ ಮಾದರಿಯಲ್ಲಿ. ಮಾಮೂಲು ಕಾರಿನ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಮುಂದೆ ಡಿಸ್ಕ್ ಬೇಕೆಂದರೆ ಹೆಚ್ಚು ಹಣ ಕೊಡಬೇಕಿತ್ತು.

ಸ್ಪರ್ಧೆಗೆ ಇಡುವ ಕಾರಾದರೆ ಮೂಲ ಭಾಗಗಳೇ ಬೇಕು. ಮನೆಯವರನ್ನು ಕೂರಿಸಿಕೊಂಡು ರಸ್ತೆಗಿಳಿಯುವ ಕಾರಾದರೆ ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್, ಮುಂದೆ ಡಿಸ್ಕ್ ಬ್ರೇಕ್, ಭುಜಕ್ಕೂ ಹಾಯುವ ಸೀಟ್ ಬೆಲ್ಟ್ ಇರಲೇಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ತೆಗೆದ ಮೂಲ ಭಾಗಗಳನ್ನು ಡಬ್ಬಿಯಲ್ಲಿಟ್ಟು ಕಾರಿನ ಜೊತೆಗೇ ಕೊಡುವ ಮಾರಾಟಗಾರ ಸಿಕ್ಕರೆ ಇನ್ನೂ ಒಳ್ಳೆಯದು.

ಓಡಿಸಿ ನೋಡುವಾಗ

ಎಂಜಿನ್ ತಣ್ಣಗಿರುವಾಗಲೇ ಹೋಗಿ. ನೀವು ಬರುವ ಮೊದಲೇ ಬಿಸಿ ಮಾಡಿಟ್ಟರೆ ಚಾಲೂ ಆಗುವಾಗಿನ ತೊಂದರೆ, ನೀಲಿ ಹೊಗೆ ಮುಚ್ಚಿಹೋಗುತ್ತವೆ. ಆಟೊಮ್ಯಾಟಿಕ್ ಗೇರಿನ ಕಾರಾದರೆ ಒಂದು ವಿಷಯ ತಿಳಿದಿರಲಿ: ಈ ವರ್ಷಗಳ ಸಿ4 ಗೇರ್‌ಬಾಕ್ಸಿನ ಲಿವರ್ ಬಳಿ ಎರಡು ಚುಕ್ಕಿಗಳಿವೆ. ಹಸಿರು ದೊಡ್ಡ ಚುಕ್ಕಿಯಲ್ಲಿಟ್ಟರೆ ಕಾರು ಮೊದಲ ಗೇರಿನಿಂದ ಹೊರಡುತ್ತದೆ. ಚಿಕ್ಕ ಚುಕ್ಕಿಯಲ್ಲಿಟ್ಟರೆ ಎರಡನೆಯದರಿಂದ. ಇದು ಗೊತ್ತಿಲ್ಲದವರು ಚಿಕ್ಕ ಚುಕ್ಕಿಯಲ್ಲಿ ಹೊರಟು, ಎಂಜಿನ್ನಿಗೆ ಶಕ್ತಿಯಿಲ್ಲ ಎಂದು ತಪ್ಪು ತಿಳಿಯುತ್ತಾರೆ.

ಒರಟು ರಸ್ತೆಯಲ್ಲಿ ಟಾಪ್ ಇಳಿಸಿ ಓಡಿಸಿ, ಮುಂದಿನ ಗಾಜಿನ ಚೌಕಟ್ಟನ್ನು ಗಮನಿಸಿ. ಸ್ವಲ್ಪ ನಡುಕ ಎಲ್ಲ ಹಳೆಯ ಕನ್ವರ್ಟಿಬಲ್‌ಗೂ ಸಹಜ. ಚೌಕಟ್ಟು ಒಂದು ಕಡೆ, ಬಾಗಿಲು ಇನ್ನೊಂದು ಕಡೆ ಅಲುಗಿದಂತೆ ಕಂಡರೆ ನೆಲದ ಪರೀಕ್ಷೆಗೆ ಮತ್ತೆ ಹಿಂತಿರುಗಿ. ಬ್ರೇಕ್ ಒತ್ತಿದಾಗ ಕಾರು ಒಂದು ಬದಿಗೆ ಎಳೆಯಬಾರದು.

ಕಾಗದ, ಹಣ, ವಿಮೆ

ಅಮೆರಿಕದಲ್ಲಿ ಒಡೆತನದ ಪತ್ರ, ಅಂದರೆ ಟೈಟಲ್, ಕೊಡುವುದು ಆಯಾ ರಾಜ್ಯ. ಅದರಲ್ಲಿರುವ ವಿನ್ ನಂಬರ್ ತಗಡಿನ ಮೇಲಿನದಕ್ಕೆ ಅಕ್ಷರ ಅಕ್ಷರವಾಗಿ ಹೊಂದಬೇಕು. ಮಾರುವವರ ಹೆಸರೇ ಅದರಲ್ಲಿರಬೇಕು. ಸಾಲದ ಹೊರೆ ಉಳಿದಿರಬಾರದು. ಮೈಲಿ ಮಾಪಕಕ್ಕೆ ಐದೇ ಅಂಕಿಗಳಾದ್ದರಿಂದ ಲಕ್ಷ ಮೈಲಿ ದಾಟಿದ ಮೇಲೆ ಮತ್ತೆ ಸೊನ್ನೆಯಿಂದ ಶುರು. ‘ಬರೀ 40 ಸಾವಿರ ಮೈಲಿ ಓಡಿದೆ’ ಎಂಬುದಕ್ಕೆ ಹಳೆಯ ಸರ್ವಿಸ್ ಚೀಟಿಗಳ ಆಧಾರ ಬೇಕು.

ಹಳೆಯ ಕಾರುಗಳ ಸ್ಥಿತಿಯನ್ನು ಹ್ಯಾಗರ್ಟಿ ಕಂಪನಿಯ ಬೆಲೆಪಟ್ಟಿ 1ರಿಂದ 4ರವರೆಗೆ ವಿಂಗಡಿಸುತ್ತದೆ; 1 ಸ್ಪರ್ಧೆಯ ಮಟ್ಟದ್ದು, 2 ಬಹಳ ಉತ್ತಮ, 3 ಚೆನ್ನಾಗಿ ಓಡುವಂಥದ್ದು, 4 ಸಾಧಾರಣ. ಮಾರುವವರು ಸಾಮಾನ್ಯವಾಗಿ ಒಂದು ಮಟ್ಟ ಮೇಲಿನ ಬೆಲೆ ಕೇಳುತ್ತಾರೆ. ನಿಮ್ಮ ತಪಾಸಣೆಯ ಪಟ್ಟಿಯನ್ನು ಮುಂದಿಟ್ಟು ಮಾತಾಡಿ. ದೂರದ ಊರಿನ ಕಾರಾದರೆ ಅಲ್ಲಿನ ಸ್ವತಂತ್ರ ತಜ್ಞರೊಬ್ಬರಿಗೆ ಶುಲ್ಕ ಕೊಟ್ಟು ಲಿಫ್ಟಿನ ಮೇಲೆ ಪರೀಕ್ಷೆ ಮಾಡಿಸಿ, ಅಡಿಯ ಚಿತ್ರಗಳನ್ನು ತರಿಸಿಕೊಳ್ಳಿ. ವಿಮೆ ಮಾಡಿಸುವಾಗ ಮೊದಲೇ ಒಪ್ಪಿಕೊಂಡ ಮೌಲ್ಯದ ಪಾಲಿಸಿ ಪಡೆಯಿರಿ. ಸಾಮಾನ್ಯ ಪಾಲಿಸಿಯ ಸವಕಳಿ ಲೆಕ್ಕದಲ್ಲಿ 60 ವರ್ಷದ ಕಾರಿಗೆ ಉಳಿಯುವುದು ಏನೂ ಇಲ್ಲ.

ಕೆಟ್ಟ ಕಾರು ಅಗ್ಗಕ್ಕೆ ಕೊಂಡು ತಾವೇ ಸರಿಮಾಡಿಸುತ್ತೇವೆ ಎನ್ನುವವರು ಲೆಕ್ಕ ಹಾಕಿ ನೋಡಬೇಕು. ಬುಡದಿಂದ ಮಾಡಿಸಿದ ರಿಸ್ಟೋರ್ ಕೆಲಸದ ಖರ್ಚು ಎಷ್ಟೋ ಸಲ ಆ ಕಾರಿನ ಮಾರಾಟದ ಬೆಲೆಯನ್ನೂ ಮೀರುತ್ತದೆ. ಪ್ರಾಮಾಣಿಕವಾಗಿ ಕೆಲಸ ಮಾಡಿಸಿ, ದಾಖಲೆ ಇಟ್ಟು ಮಾರುವವರಿಂದ ಸ್ವಲ್ಪ ಹೆಚ್ಚು ಕೊಟ್ಟು ಕೊಳ್ಳುವುದೇ ಕೊನೆಗೆ ಅಗ್ಗ.

ಊರಿಗೆ ತರುವ ಆಸೆ ಇದ್ದರೆ

ಹಳೆಯ ಕಾರುಗಳ ಮೇಲಿನ ಪ್ರೀತಿ ಕರ್ನಾಟಕಕ್ಕೆ ಹೊಸದಲ್ಲ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯ, ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯ ನೋಡಿದವರಿಗೆ ಇದು ಗೊತ್ತು. ಅಮೆರಿಕದಲ್ಲಿ ಕೊಂಡ ಕಾರನ್ನು ಊರಿಗೆ ತರುವ ಯೋಚನೆ ಇದ್ದರೆ, ಕೊಳ್ಳುವ ಮೊದಲೇ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಆಮದು ಷರತ್ತು ಮತ್ತು ಸುಂಕವನ್ನು ವಿಚಾರಿಸಿ; ಸುಂಕ ಭಾರಿ. ಎಡಗಡೆ ಸ್ಟೀರಿಂಗ್ ಇರುವ ವಾಹನಕ್ಕೆ ಮೋಟಾರು ವಾಹನ ಕಾಯ್ದೆಯ 120ನೇ ಕಲಂ ಪ್ರಕಾರ ನಿಗದಿತ ಬಗೆಯ ಸಿಗ್ನಲ್ ಸಾಧನ ಕೆಲಸ ಮಾಡುವ ಸ್ಥಿತಿಯಲ್ಲಿರಬೇಕು.

2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ವಾಹನಕ್ಕೆ ವಿಂಟೇಜ್ ನೋಂದಣಿ ಸಿಗುತ್ತದೆ. ಅದರ ಫಲಕದಲ್ಲಿ ‘ವಿಎ’ ಅಕ್ಷರಗಳಿರುತ್ತವೆ. ಮೊದಲ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000. ಅಂಥ ಕಾರನ್ನು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಅಧ್ಯಯನ, ಪೆಟ್ರೋಲ್ ತುಂಬಿಸುವುದು, ದುರಸ್ತಿ ಇಂಥ ಕೆಲಸಕ್ಕೆ ರಸ್ತೆಗಿಳಿಸಬಹುದು, ದಿನನಿತ್ಯದ ಓಡಾಟಕ್ಕಲ್ಲ. ಮೈಕಟ್ಟು ಅಥವಾ ಎಂಜಿನ್ ದೊಡ್ಡದಾಗಿ ಬದಲಾದ ಕಾರಿಗೆ ಈ ನೋಂದಣಿ ಕಷ್ಟ. ಅಂದರೆ ವಿನ್ ನಂಬರ್, ಎಂಜಿನ್ ಸಂಕೇತ, ಮೂಲ ತಗಡು ಎಲ್ಲ ಹೊಂದುವ ಕಾರಿಗೆ ಇಲ್ಲಿಯೂ ಬೆಲೆ ಹೆಚ್ಚು.

ಕೊಂಡ ದಿನದಿಂದಲೇ ಒಂದು ಕಡತ ಶುರುಮಾಡಿ. ಹಿಂದಿನವರು ಕೊಟ್ಟ ಫೋಟೋ, ಬಿಲ್ಲು, ಟೈಟಲಿನ ಪ್ರತಿಗಳ ಜೊತೆ ನೀವು ಮಾಡಿಸಿದ ಪ್ರತಿ ಕೆಲಸದ ದಿನಾಂಕ ಮತ್ತು ಚಿತ್ರ ಸೇರಿಸುತ್ತ ಹೋಗಿ; ಕಾರ್ಪೆಟ್ ಎತ್ತಿದಾಗಲೆಲ್ಲ ನೆಲದ ಒಂದು ಚಿತ್ರ ತೆಗೆದಿಡಿ. ಇಂಥ ಕಾರು ಒಬ್ಬರ ಕೈಯಲ್ಲೇ ಕೊನೆಯವರೆಗೆ ಉಳಿಯುವುದು ಅಪರೂಪ. ಮುಂದೆ ಅದನ್ನು ಕೊಳ್ಳಲು ಬರುವವರು ನೀವು ಇಂದು ಕೇಳಿದ ಪ್ರಶ್ನೆಗಳನ್ನೇ ಕೇಳುತ್ತಾರೆ. ಅವರ ಮುಂದೆ ಆ ಕಡತವನ್ನು ತೆರೆದಿಡಲು ಸಾಧ್ಯವಾದರೆ ಕಾರಿಗೆ ನ್ಯಾಯವಾದ ಬೆಲೆಯೂ ಸಿಗುತ್ತದೆ, ಅದನ್ನು ಚೆನ್ನಾಗಿ ನೋಡಿಕೊಳ್ಳುವ ಮನೆಯೂ ಸಿಗುತ್ತದೆ.